ತೊಟ್ಟಿಯಿಂದ ಇಗರ್ಜಿಯವರೆಗೆ

ಲೆಸಾರ್ಬೆ
೭ ಅಕ್ಟೋಬರ್ ೨೦೦೭, ಭಾನುವಾರ

ಪ್ರೀತಿಯ ಇಸಾರೊ,

ನಿನ್ನ ಪತ್ರ ಬಂದು ಹದಿನೇಳು ದಿನವಾಯಿತು. ಇಷ್ಟು ತಡವಾಗಿ ಉತ್ತರಿಸುತ್ತಿರುವುದಕ್ಕೆ ಬೇಸರಪಡಬೇಡ. ಅಂಗಡಿಯಲ್ಲಿ ಕೆಲಸ ಜಾಸ್ತಿಯಿತ್ತು ಎಂದು ಬರೆಯಬಹುದು. ಶಾಲೆ ಶುರುವಾದ ತಿಂಗಳಲ್ಲಿ ಕನ್ನಡಕ ಮುರಿದುಕೊಂಡ ಮಕ್ಕಳೆಲ್ಲ ನಮ್ಮಲ್ಲಿಗೇ ಬರುತ್ತಾರೆ, ಅದು ಸುಳ್ಳಲ್ಲ. ಆದರೆ ಎರಡು ಸಲ ಬರೆದೆ, ಎರಡು ಸಲವೂ ಹರಿದುಹಾಕಿದೆ. ಫೋನಿನಲ್ಲಿ ಹೇಳಬಹುದಿತ್ತು. ಫೋನಿನಲ್ಲಾದರೆ ನಾವಿಬ್ಬರೂ ಇಟಲಿಯಲ್ಲಿ ನಿಮ್ಮ ಲುಕ್ಕಾದ ಬಿಸಿಲು, ನಮ್ಮೂರಿನ ಮಂಜು ಎಂದು ನಾಲ್ಕು ಮಾತಾಡಿ ಇಟ್ಟುಬಿಡುತ್ತೇವೆ. ನೀನೂ ಅದಕ್ಕೇ ಪತ್ರ ಬರೆದೆ ಎಂದುಕೊಂಡಿದ್ದೇನೆ.

ಅಕ್ರೋಟಿನ ಪೊಟ್ಟಣ ತಲುಪಿತೆ? ಹಿತ್ತಲ ಮರದ್ದು. ಈ ಸಲ ಅಳಿಲುಗಳು ನನಗೂ ಸ್ವಲ್ಪ ಬಿಟ್ಟಿದ್ದವು. ನಿನ್ನ ಜೊತೆ ಮನೆ ಹಂಚಿಕೊಂಡಿರುವ ಆ ಲಿಥುವೇನಿಯಾದ ಹುಡುಗಿ ಯೂರಾಟೆಗೂ ಕೊಡು. ನಿನ್ನ ಅಪ್ಪ ಬಿಲ್ಬಾವೊದಿಂದ ಕಳೆದ ವಾರ ಫೋನ್ ಮಾಡಿದ್ದ. ನಿನ್ನ ವಿಷಯ ಕೇಳಿದ. ಚೆನ್ನಾಗಿದ್ದಾಳೆ ಎಂದೆ. ಅಷ್ಟಕ್ಕೆ ಅವನಿಗೆ ಸಮಾಧಾನವಾಯಿತು. ಅವನಿಗೆ ಯಾವಾಗಲೂ ಬೇಗ ಸಮಾಧಾನವಾಗುತ್ತದೆ.

ಸಂತ ಮಿಗೆಲನ ದಿನ ಎಂದಿನಂತೆ ಕಳೆಯಿತು. ಈ ವರ್ಷ ಸೈಕಲ್ಲಿನಲ್ಲಿ ಬೆಟ್ಟ ಹತ್ತಿದವರು ಏಳು ಜನ, ಎಲ್ಲರೂ ಹುಡುಗರು. ನೀನು ಹೋದ ಮೇಲೆ ಹುಡುಗಿಯರು ಯಾರೂ ಬಂದಿಲ್ಲ. ಬೆಳಿಗ್ಗೆ ಸೈಕಲ್ ಸಂಘದ ಪರವಾಗಿ ನಾನೂ ಎವರಿಸ್ತೊ ಅವರೂ ಪುರಸಭೆಯ ಗಡಿಯಾರದ ಕೆಳಗೆ ನಿಂತು ನಮ್ಮ ಕೈಗಡಿಯಾರಗಳನ್ನು ಸೆಕೆಂಡಿಗೆ ಸೆಕೆಂಡು ಹೊಂದಿಸಿಕೊಂಡೆವು. ಅವರು ಕೆಳಗೆ ಕಲ್ಲುತೊಟ್ಟಿಯ ಹತ್ತಿರ ನಿಂತರು, ನಾನು ಕಾಫಿಯ ಫ್ಲಾಸ್ಕ್ ತೆಗೆದುಕೊಂಡು ಮೇಲೆ ಇಗರ್ಜಿಗೆ ಹೋದೆ. ಎಂಬತ್ತೊಂದು ವರ್ಷವಾದರೂ ಅವರ ಕ್ರಮ ಸ್ವಲ್ಪವೂ ಬದಲಾಗಿಲ್ಲ. ಹುಡುಗ ತೊಟ್ಟಿಯ ನೀರಿನಲ್ಲಿ ಕೈ ಅದ್ದಿ ಕತ್ತಿಗೆ ಒರೆಸಿಕೊಳ್ಳಬೇಕು. ಆಮೇಲೆ ಹೊರಡುವ ಗಳಿಗೆಯನ್ನು ಚೀಟಿಯಲ್ಲಿ ಬರೆದು, ನಾಲ್ಕಾಗಿ ಮಡಚಿ, ಅವನ ಅಂಗಿಯ ಕತ್ತಿನೊಳಗೆ ತಾವೇ ತುರುಕಿ, ಬೆನ್ನಿಗೆ ಒಂದು ತಟ್ಟಿ ಕಳಿಸುತ್ತಾರೆ. ಮೇಲೆ ನಾನು ಆ ಬೆವರಿನ ಚೀಟಿ ಬಿಡಿಸಿ, ನನ್ನ ಗಡಿಯಾರ ನೋಡಿ, ಕಳೆದು, ಎಷ್ಟು ಹೊತ್ತಾಯಿತೆಂದು ಹೇಳುತ್ತೇನೆ.

ಮೇಲೆ ಮಂಜು ದಟ್ಟವಾಗಿತ್ತು. ರಸ್ತೆ ಹತ್ತು ಗಜವೂ ಕಾಣುತ್ತಿರಲಿಲ್ಲ. ಎಲ್ಲೋ ಕುರಿಗಳ ಕೊರಳ ಗಂಟೆ ಕೇಳುತ್ತಿತ್ತು. ಯಾರಾದರೂ ಬರುವವರೆಗೆ ಅರ್ಧ ಗಂಟೆ ಒಬ್ಬಳೇ ಆ ಮೆಟ್ಟಿಲ ಮೇಲೆ ಕೂತಿರುತ್ತೇನಲ್ಲ, ಮೊದಲೆಲ್ಲ ಆ ಹೊತ್ತು ನನಗೆ ಇಷ್ಟವಾಗುತ್ತಿತ್ತು. ಈಗ ಕಾಫಿಯ ಮುಚ್ಚಳ ತೆಗೆಯುತ್ತೇನೆ, ಮುಚ್ಚುತ್ತೇನೆ. ಆಮೇಲೆ ಉಸಿರಾಟದ ಸದ್ದು ಮೊದಲು ಕೇಳಿ, ಅದರ ಹಿಂದೆಯೇ ಮಂಜಿನೊಳಗಿಂದ ಹುಡುಗ ಕಾಣಿಸಿಕೊಳ್ಳುತ್ತಾನೆ. ಈಚೆಗೆ ಎಲ್ಲರೂ ಬೇಗ ಬರುತ್ತಾರೆ. ಹೊಸ ಡಾಂಬರಿನ ಗುಣ ಎನ್ನುತ್ತಾರೆ.

ಎವರಿಸ್ತೊ ಮಾರನೆಯ ದಿನ ಅಂಗಡಿಗೆ ಬಂದಿದ್ದರು. ಕಣ್ಣಿಗೆ ಪೊರೆ ಬಂದಿದೆ. ಗೋಡೆಯ ಅಕ್ಷರಗಳನ್ನು ಮೇಲಿನಿಂದ ಕೆಳಗಿನವರೆಗೆ ಒಂದೂ ತಪ್ಪದೆ ಓದಿದರು. ನನಗೆ ಅನುಮಾನ ಬಂದು ಹಲಗೆ ತಿರುಗಿಸಿದೆ. ಅವರು ಅದನ್ನೇ ಮತ್ತೆ ಓದಿದರು.

“ಇದು ಬೇರೆ ಹಲಗೆ ಎವರಿಸ್ತೊ, ಇದರಲ್ಲಿ ಅಕ್ಷರಾನೇ ಇಲ್ಲ, ಬರೀ ಚಿತ್ರ” ಎಂದೆ.

“ಮೂವತ್ತು ವರ್ಷದಿಂದ ಒಂದೇ ಹಲಗೆ ಇಟ್ಟಿದ್ಯಲ್ಲ, ನಂಗೆ ಬಾಯಿಪಾಠ ಆಗಿತ್ತು. ಯಾವನು ಹೇಳ್ದ ನಿಂಗೆ ಬದಲಾಯ್ಸು ಅಂತ” ಎಂದು ನನ್ನನ್ನೇ ಗದರಿದರು. ಹೋಗುವಾಗ ಬಾಗಿಲಲ್ಲಿ ನಿಂತು, “ನಮ್ಮ ಮೂವತ್ತೈದು ಮೂವತ್ತೊಂದು ಹೇಗಿದಾಳೆ?” ಎಂದು ಕೇಳಿದರು. ಊರಿನಲ್ಲಿ ನಿನ್ನನ್ನು ಹೆಸರು ಹಿಡಿದು ಕೇಳುವವರು ಈಗ ಕಡಿಮೆ, ಬೆಟ್ಟ ಹತ್ತಿದ ಆ ಸಮಯವೇ ನಿನ್ನ ಹೆಸರು. ಮೀನಿನ ಅಂಗಡಿಯಲ್ಲೂ ಹಾಗೇ ಕೇಳುತ್ತಾರೆ.

ನಿನ್ನ ಪತ್ರದ ವಿಷಯಕ್ಕೆ ಬರುತ್ತೇನೆ. ತಪ್ಪಿಸಿಕೊಂಡು ತಿರುಗುತ್ತಿದ್ದೇನೆ ಎಂದು ಇಷ್ಟುಹೊತ್ತಿಗೆ ನಿನಗೆ ಗೊತ್ತಾಗಿರುತ್ತದೆ.

ನಿಮ್ಮ ತಂಡದ ಆ ಡಾಕ್ಟರು ಮೇಜಿನ ಮೇಲೆ ಎರಡು ಹಾಳೆ ಇಟ್ಟರು ಎಂದು ಬರೆದಿದ್ದೀಯ. ಒಂದರಲ್ಲಿ ಪ್ರಯೋಗಾಲಯದಲ್ಲಿ ಅಳೆದ ನಿನ್ನ ಕಾಲಿನ ಬಲ, ತೂಕದಿಂದ ಭಾಗಿಸಿದ್ದು. ಇನ್ನೊಂದರಲ್ಲಿ ನಮ್ಮ ಸಂಘದ ಪುಸ್ತಿಕೆಯಿಂದ ತೆಗೆದ ಬೆಟ್ಟದ ಉದ್ದ, ಎತ್ತರ, ಹತ್ತೊಂಬತ್ತನೇ ವಯಸ್ಸಿನಲ್ಲಿ ನೀನು ಅದನ್ನು ಹತ್ತಿದ ಸಮಯ. ಎರಡಕ್ಕೂ ತಾಳೆಯಾಗುವುದಿಲ್ಲ, ಆಗ ನಿನ್ನ ಮೈಯಲ್ಲಿದ್ದದ್ದು ಈಗ ಇಲ್ಲ, ಅದು ಏನಾಗಿತ್ತು ಎಂದು ಕೇಳಿದರು. ಏನು ಮದ್ದು ತೆಗೆದುಕೊಳ್ಳುತ್ತಿದ್ದೆ ಎಂದೇ ಅದರ ಅರ್ಥ ಎಂದು ಬರೆದಿದ್ದೀಯ. ಈ ವರ್ಷ ಎಲ್ಲರೂ ಎಲ್ಲರನ್ನೂ ಹಾಗೆ ನೋಡುತ್ತಿದ್ದಾರೆ ಎಂದು ನನಗೆ ಗೊತ್ತು. ತಿಂಗಳ ಕೊನೆಯ ಸಭೆಯೊಳಗೆ ನೀನು ವಿವರಣೆ ಕೊಡದಿದ್ದರೆ ತಂಡ ನಿನ್ನನ್ನು ಬಿಡುತ್ತದೆ, ಮತ್ತು ಕಾರಣ ಎಲ್ಲರ ಕಿವಿಗೂ ಬೀಳುತ್ತದೆ. ಆದ್ದರಿಂದ ಎವರಿಸ್ತೊ ಬರೆದ ಆ ದಿನದ ಚೀಟಿ ಕಳಿಸು ಎಂದಿದ್ದೀಯ. ಚೀಟಿ ನೋಡಿದರೆ ಸಮಯ ನಿಜವೆಂದಾದರೂ ಒಪ್ಪುತ್ತಾರೆ ಎಂದು.

ಇದಕ್ಕಿಂತ ನನ್ನನ್ನು ಕಾಡುತ್ತಿರುವುದು ಅದರ ಕೆಳಗೆ ಬರೆದ ಸಾಲು. “ಎರಡು ವರ್ಷದಿಂದ ಹುಡುಕ್ತಿದೀನಿ ಅಮ್ಮಾ. ಒಂದು ಸಲ ನನ್ನ ಹತ್ರ ಇತ್ತಲ್ಲ, ಎಲ್ಲಿ ಕಳೀತು?” ಐವತ್ತೊಂದು ಕಿಲೋದಿಂದ ನಲವತ್ತಾರಕ್ಕೆ ಇಳಿದಿದ್ದೇನೆ ಎಂದು ಏನೋ ಸಾಧನೆಯ ಹಾಗೆ ಬರೆದಿದ್ದೀಯ. ಬಲ ಹೆಚ್ಚಿಸಲು ಆಗದಿದ್ದರೆ ತೂಕ ಇಳಿಸಬೇಕು, ಭಾಗಾಕಾರ ಅಷ್ಟೇ, ನನಗೂ ಗೊತ್ತು. ಏಪ್ರಿಲ್‌ನಿಂದ ಮುಟ್ಟು ನಿಂತಿರುವುದನ್ನು ನೀನು ಬರೆಯಲಿಲ್ಲ. ಅದನ್ನು ಹೇಳಿದವಳು ಯೂರಾಟೆ. ಕಳೆದ ತಿಂಗಳು ನಾನು ಫೋನ್ ಮಾಡಿದಾಗ ನೀನು ಹೊರಗೆ ಹೋಗಿದ್ದೆ. ತನ್ನ ಮುರುಕು ಸ್ಪ್ಯಾನಿಷ್‌ನಲ್ಲಿ ಅವಳು, “ಅಮ್ಮ, ಅವಳು ಅನ್ನ ತಕ್ಕಡೀಲಿ ತೂಗಿ ತಿಂತಾಳೆ. ತೂಗಿ, ಅರ್ಧ ವಾಪಸ್ ಹಾಕ್ತಾಳೆ” ಎಂದಳು. ನನ್ನನ್ನು ಅಮ್ಮ ಎಂದಳು ನೋಡು, ಪಾಪ. ಅವಳ ಮೇಲೆ ರೇಗಬೇಡ.

ನಾನು ಹತ್ತಿದ ವರ್ಷ ನನ್ನ ತೂಕ ಎಷ್ಟಿತ್ತೋ ನನಗೆ ಗೊತ್ತಿಲ್ಲ ಇಸಾರೊ. ಆಗ ಯಾರೂ ತೂಗುತ್ತಿರಲಿಲ್ಲ. ಹಿಂದಿನ ದಿನ ಬೀನ್ಸ್ ಕಾಳಿನ ಸಾರು ಎರಡು ಬಟ್ಟಲು ತಿಂದಿದ್ದೆ ಎಂದು ಮಾತ್ರ ನೆನಪಿದೆ. ಇದರಿಂದ ನಿನಗೇನೂ ಉಪಯೋಗವಿಲ್ಲ ಎಂದೂ ಗೊತ್ತು.

ಚೀಟಿಯನ್ನು ಹುಡುಕಿದೆ. ಸದ್ಯಕ್ಕೆ ಸಿಕ್ಕಿಲ್ಲ. ಇನ್ನೂ ನೋಡುತ್ತೇನೆ.

ಮೈ ಬೆಚ್ಚಗಿಟ್ಟುಕೋ. ಇಳಿಜಾರಿನಲ್ಲಿ ಅವಸರ ಮಾಡಬೇಡ. ನಿನ್ನ ದಾರಿಯಲ್ಲಿ ಒಳ್ಳೆಯವರೇ ಸಿಗಲಿ.

ನಿನ್ನ
ಅಮ್ಮ

ತಾ.ಕ.: ದಿನಕ್ಕೆ ಮೂರು ಅಕ್ರೋಟು. ತೂಗದೆ.


ಲೆಸಾರ್ಬೆ
೨೧ ಅಕ್ಟೋಬರ್ ೨೦೦೭, ಭಾನುವಾರ

ಪ್ರೀತಿಯ ಮಗಳೇ,

ಮೊನ್ನೆ ನೀನು ಕಳಿಸಿದ ಎರಡೇ ಸಾಲಿನ ಕಾರ್ಡು ಬಂತು. “ಚೀಟಿ ಸಿಗದಿದ್ರೆ ಪರವಾಗಿಲ್ಲ ಅಮ್ಮಾ. ಸಭೆಗೆ ಮುಂಚೆ ಒಂದು ಸಲ ಬೆಟ್ಟದ ಮೇಲೆ ಪರೀಕ್ಷೆ ಕೊಡ್ತೀನಿ, ನಲವತ್ತೈದಕ್ಕೆ ಇಳಿದರೆ ಆ ಸಮಯ ಬಂದೇ ಬರುತ್ತೆ.” ಅದನ್ನು ಅಂಗಡಿಯ ಮೇಜಿನ ಮೇಲಿಟ್ಟುಕೊಂಡು ದಿನವೆಲ್ಲ ಕೂತಿದ್ದೆ. ಒಬ್ಬರಿಗೆ ಕೊಡಬೇಕಾದ ಕನ್ನಡಕ ಇನ್ನೊಬ್ಬರಿಗೆ ಕೊಟ್ಟೆ.

ಚೀಟಿ ಕಳೆದಿರಲಿಲ್ಲ. ನನ್ನ ಕಪಾಟಿನ ಮೇಲಿನ ಖಾನೆಯಲ್ಲಿ, ನೀನು ಹುಟ್ಟಿದಾಗ ಆಸ್ಪತ್ರೆಯಲ್ಲಿ ಕೈಗೆ ಕಟ್ಟಿದ ಪಟ್ಟಿಯ ಜೊತೆಗಿತ್ತು. ಕಳೆದ ಪತ್ರ ಬರೆಯುವಾಗಲೂ ಅಲ್ಲೇ ಇತ್ತು. ಇದರ ಜೊತೆ ಇಟ್ಟಿದ್ದೇನೆ. ಎವರಿಸ್ತೊ ಅವರ ಅಕ್ಷರ, ಹೊರಟ ಗಳಿಗೆ ಹತ್ತು ಗಂಟೆ ನಾಲ್ಕು ನಿಮಿಷ. ಕೆಳಗೆ ನನ್ನ ಅಕ್ಷರ. ನಿನ್ನ ಬೆವರಿಗೆ ಶಾಯಿ ಒಂದು ಕಡೆ ಹರಡಿದೆ. ಮೂವತ್ತೈದು ನಿಮಿಷ ಮೂವತ್ತೊಂದು ಸೆಕೆಂಡು. ಗಡಿಯಾರಗಳು ಸರಿಯಿದ್ದವು, ನಾನು ಕಳೆದದ್ದೂ ಸರಿ. ಆದರೂ ಆ ಸಮಯ ಸರಿಯಲ್ಲ. ಯಾಕೆಂದು ಹೇಳುತ್ತೇನೆ, ಕೊನೆಯವರೆಗೆ ಓದು.

ಆ ವರ್ಷ ಜುಲೈಯಲ್ಲಿ ಕೆಳಗಿನ ಕೂಡುರಸ್ತೆಯಲ್ಲಿ ದೊಡ್ಡ ವೃತ್ತ ಮಾಡಿದರಲ್ಲ, ತೊಟ್ಟಿ ಅಡ್ಡ ಬರುತ್ತದೆ ಎಂದು ಅದನ್ನು ಬಿಚ್ಚಿ ಮೇಲಿನ ಬಸ್ ನಿಲ್ದಾಣದ ಪಕ್ಕ ಮತ್ತೆ ಕಟ್ಟಿದರು. ಎಲ್ಲರೂ ನೋಡಿದ್ದೇವೆ. ಪ್ರತಿ ಕಲ್ಲಿನ ಮೇಲೂ ಸೀಮೆಸುಣ್ಣದಲ್ಲಿ ಸಂಖ್ಯೆ ಬರೆದಿದ್ದರು. ಸಿಂಹದ ಮುಖದ ನಲ್ಲಿ ಮೊದಲಿನ ಹಾಗೆ ಹೊಳೆಯ ಕಡೆಗೇ ನೋಡಬೇಕೋ ರಸ್ತೆಯ ಕಡೆಗೋ ಎಂದು ಪುರಸಭೆಯಲ್ಲಿ ಮೂರು ಸಭೆ ನಡೆದವು, ಇಬ್ಬರು ಇಂದಿಗೂ ಮಾತಾಡುವುದಿಲ್ಲ. ಎಷ್ಟು ದೂರ ಹೋಯಿತು ಎಂದು ಯಾರೂ ಕೇಳಲಿಲ್ಲ. ಬೆಟ್ಟ ಶುರುವಾಗುವುದು ತೊಟ್ಟಿಯಿಂದ. ನನ್ನಜ್ಜನ ಕಾಲದಿಂದ ಹಾಗೆ. ತೊಟ್ಟಿ ಎಲ್ಲಿದೆಯೋ ಅದೇ ಶುರು. ಸೆಪ್ಟೆಂಬರಿನಲ್ಲಿ ಎವರಿಸ್ತೊ ಎಂದಿನ ಹಾಗೆ ತೊಟ್ಟಿಯ ಪಕ್ಕ ನಿಂತರು, ನೀನು ಎಂದಿನ ಹಾಗೆ ಕೈ ಅದ್ದಿದೆ. ಆ ದಿನ ಹತ್ತಿದ ಎಲ್ಲರ ಸಮಯವೂ ಹಿಂದಿನ ವರ್ಷಕ್ಕಿಂತ ಒಂದೊಂದು ನಿಮಿಷ ಕಡಿಮೆ ಬಂತು, ನೆನಪಿದೆಯೆ? ಡಾಂಬರು ಹೊಸದು, ಗಾಳಿಯಿಲ್ಲ, ಹೊಸ ಪೀಳಿಗೆ ಎಂದರು. ಸಂಜೆ ಸಂಘದ ಕೋಣೆಯಲ್ಲಿ ಸೇಬಿನ ಮದ್ಯದ ಸೀಸೆಗಳು ಖಾಲಿಯಾದವು. ಅಲ್ಲಿನ ದಾಖಲೆ ಹಲಗೆಯಲ್ಲಿ ಹೆಂಗಸರ ಸಾಲಿನಲ್ಲಿ ಇಪ್ಪತ್ತೊಂದು ವರ್ಷ ಇದ್ದ ನನ್ನ ಮೂವತ್ತಾರು ಹನ್ನೆರಡನ್ನು ಒರೆಸಿ, ನಿನ್ನ ಹೆಸರನ್ನು ಬಣ್ಣದಲ್ಲಿ ಬರೆದರು. ಎರಡು ವಾರಕ್ಕೆ ಆ ಇಟಲಿಯ ತಂಡದ ವ್ಯವಸ್ಥಾಪಕರು ಬಂದರು. ಅಮ್ಮನ ಸಮಯದಿಂದ ನಲವತ್ತೊಂದು ಸೆಕೆಂಡು ಕಿತ್ತ ಹುಡುಗಿ ಯಾರು ಎಂದು ಕೇಳಿಕೊಂಡೇ ಬಂದರು.

ಕಳೆದ ಭಾನುವಾರ ಶೆಡ್ಡಿನಲ್ಲಿ ತೂಗುಹಾಕಿದ್ದ ನನ್ನ ಹಳೆಯ ಉಕ್ಕಿನ ಸೈಕಲ್ ಇಳಿಸಿ, ಧೂಳು ಒರೆಸಿ, ಗಾಳಿ ತುಂಬಿ, ಎವರಿಸ್ತೊ ಮನೆಗೆ ನೂಕಿಕೊಂಡು ಹೋದೆ. ವಿಷಯ ಹೇಳಿದೆ. ಅವರು ಕೂತಲ್ಲಿಂದ ಏಳಲಿಲ್ಲ.

“ಬೆಗೋ, ಮೂವತ್ತೆಂಟು ವರ್ಷದಿಂದ ನಾನು ತೊಟ್ಟಿ ಹತ್ರಾನೇ ನಿಂತಿದೀನಿ. ಒಂದು ಹೆಜ್ಜೆ ಅತ್ತಿತ್ತ ಆಗಿಲ್ಲ.”

“ನೀವು ಆಗಿಲ್ಲ. ತೊಟ್ಟಿ ಆಗಿದೆ.”

“ಅದು ಒಂಚೂರು ಮೇಲೆ ಹೋಗಿದೆ. ಒಂಚೂರು.”

“ಎಷ್ಟು?”

“ಇಪ್ಪತ್ತು ಹೆಜ್ಜೆ. ಬೇಕಾದ್ರೆ ಮೂವತ್ತು ಅನ್ನು.”

ಅಳೆಯೋಣ ಬನ್ನಿ ಎಂದೆ. ಟೋಪಿ ಹುಡುಕಲು ಬಹಳ ಹೊತ್ತು ಮಾಡಿದರು.

ಹಳೆಯ ತೊಟ್ಟಿಯ ಜಾಗದಲ್ಲಿ ಈಗ ವೃತ್ತದ ಹೂವಿನ ಪಾತಿ ಇದೆ. ನೀರು ಹೋಗುತ್ತಿದ್ದ ಕಬ್ಬಿಣದ ಮುಚ್ಚಳ ಮಾತ್ರ ಅಲ್ಲೇ ಉಳಿದಿದೆ. ಅದರ ಮೇಲೆ ಮುಂದಿನ ಚಕ್ರ ಇಟ್ಟೆವು. ಸಂಘದವರು ರಸ್ತೆ ಅಳೆಯುವುದು ಹೇಗೆಂದು ನಿನಗೆ ಗೊತ್ತಲ್ಲ, ಚಕ್ರಕ್ಕೆ ದಾರ ಕಟ್ಟಿ, ದಾರ ಕೆಳಗೆ ಬಂದಾಗಲೆಲ್ಲ ಒಂದು ಎಣಿಸುವುದು. ಒಂದು ಸುತ್ತಿಗೆ ಎರಡು ಮೀಟರು ಹತ್ತು ಸೆಂಟಿಮೀಟರು. ನಾನು ಜೇಬಿನಿಂದ ದಾರ ತೆಗೆಯುವ ಮೊದಲೇ ಎವರಿಸ್ತೊ ಬಗ್ಗಿ ಕಣ್ಣು ಕಿರಿದು ಮಾಡಿ, “ಇಲ್ಲೊಂದು ಕಟ್ಟಿದೆಯಲ್ಲ, ಕೆಂಪು ಉಲ್ಲನ್ ದಾರ. ಇದ್ಯಾವ ಕಾಲದ್ದು?” ಎಂದರು. ಹಳೆಯದು ಎಂದೆ. ಅದನ್ನೇ ಇಟ್ಟುಕೊಂಡೆವು.

ನಾನು ನೂಕಿದೆ, ಅವರು ಎಣಿಸಿದರು. ಬ್ರೆಡ್ಡಿನ ವ್ಯಾನಿನವನು ವೃತ್ತ ಸುತ್ತುತ್ತ ಕಿಟಕಿ ಇಳಿಸಿ, “ಏನಜ್ಜ, ಪಂಚರಾ?” ಎಂದು ಕೂಗಿದ. “ಆಗಿದೆ, ಸೈಕಲ್ ಅಲ್ಲ” ಎಂದರು ಎವರಿಸ್ತೊ, ಎಣಿಕೆ ತಪ್ಪಿಸಿಕೊಳ್ಳದೆ. ಮೂವತ್ತಾಗುವ ಹೊತ್ತಿಗೆ ಅವರು ತಲೆ ಎತ್ತಿ ತೊಟ್ಟಿ ಎಲ್ಲಿದೆ ಎಂದು ನೋಡಿದರು. ಅದು ಇನ್ನೂ ತಿರುವಿನ ಆಚೆಗಿತ್ತು. ಆಮೇಲೆ ಅವರ ದನಿ ಸಣ್ಣದಾಗುತ್ತ ಹೋಯಿತು. ನೂರಾದ ಮೇಲೆ ಬರೀ ತುಟಿ ಅಲ್ಲಾಡುತ್ತಿತ್ತು. ನೂರ ಮೂವತ್ತೆಂಟಕ್ಕೆ ಚಕ್ರ ತೊಟ್ಟಿಯ ಅಂಚಿಗೆ ತಾಗಿತು.

ಇನ್ನೂರ ತೊಂಬತ್ತು ಮೀಟರು.

ಅವರು ತೊಟ್ಟಿಯ ಅಂಚಿನ ಮೇಲೆ ಕೂತರು. “ನಲವತ್ತು ವರ್ಷ ಕಾರ್ಖಾನೇಲಿ ಲೇತ್ ಮುಂದೆ ನಿಂತಿದ್ದೆ. ಕೂದಲೆಳೆಯಷ್ಟು ತಪ್ಪಿದ್ರೂ ತುಂಡು ವಾಪಸ್ ಬರ್ತಿತ್ತು, ರಾತ್ರಿ ಊಟ ಸೇರ್ತಿರ್ಲಿಲ್ಲ. ಇಷ್ಟು ದೊಡ್ಡದು, ಕಣ್ಣೆದುರಿಗೆ...” ಎಂದರು. ಆಮೇಲೆ, “ಹುಡುಗರ ಸೈಕಲ್ ಮೀಟರು ದೂರ ಕಡಿಮೆ ತೋರಿಸ್ತಿತ್ತು ಬೆಗೋ. ಅಗ್ಗದ ಮಾಲು ತಗೊಂಡ್ರೆ ಇನ್ನೇನಾಗತ್ತೆ ಅಂತ ಅವ್ರಿಗೇ ಬೈದೆ” ಎಂದರು. ಮತ್ತೆ, “ಗಡಿಯಾರ ಸರಿಯಿತ್ತು” ಎಂದರು. ಅದನ್ನು ಎರಡು ಮೂರು ಸಲ ಹೇಳಿದರು. ಸರಿಯಿತ್ತು ಎಂದೆ.

ಏಳುವಾಗ ನನ್ನ ಮುಖ ನೋಡಿ, “ಹಾಗಾದ್ರೆ ನಿನ್ನ ದಾಖಲೆ ಇನ್ನೂ ಇದೆ” ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು. ನಾನು ಬಗ್ಗಿ ದಾರ ಬಿಚ್ಚುತ್ತಿದ್ದೆ.

ಅವರು ಮನೆಗೆ ಹೋಗಿ, ಭೂತಗನ್ನಡಿ ಹಿಡಿದುಕೊಂಡು ಮೂರು ಸಲ ಬರೆದು, ಒಂದಕ್ಕೆ ಸಂಘದ ಮುದ್ರೆ ಒತ್ತಿ ಕೊಟ್ಟಿದ್ದಾರೆ. ಆ ಕಾಗದವೂ ಇದರಲ್ಲಿದೆ. ತೊಟ್ಟಿ ಸ್ಥಳಾಂತರವಾದ ದಿನ, ದೂರ, ಅಳೆದ ರೀತಿ, ತಪ್ಪು ಸಂಘದ್ದು ಎಂದು ಎಲ್ಲ ಇದೆ. ಅದನ್ನು ಡಾಕ್ಟರಿಗೆ ಕೊಡು. ಬೇಕಾದರೆ ಅವರು ಬಂದು ಅಳೆಯಲಿ. ಎವರಿಸ್ತೊ ತಮ್ಮ ಕೈಗಡಿಯಾರವನ್ನೂ ನನ್ನ ಕೈಗೆ ಕೊಡಲು ಬಂದರು, ಮುಂದಿನ ವರ್ಷ ಬೇರೆ ಯಾರಾದರೂ ನಿಲ್ಲಲಿ ಎಂದು. ನಾನು ತೆಗೆದುಕೊಳ್ಳಲಿಲ್ಲ. ಅವರು ಅದನ್ನು ಮತ್ತೆ ಕೈಗೆ ಕಟ್ಟಿಕೊಳ್ಳಲೂ ಇಲ್ಲ, ಜೇಬಿಗೆ ಹಾಕಿಕೊಂಡರು.

ಈಗ ನಿನ್ನ ವಿಷಯ. ಆ ಕೆಳಗಿನ ಇನ್ನೂರ ತೊಂಬತ್ತು ಮೀಟರು ಅಂಥ ಕಡಿದಲ್ಲ. ನಿನ್ನ ಲಯದಲ್ಲಿ ಒಂದು ನಿಮಿಷ ಎಂಟು ಸೆಕೆಂಡು ಆಗುತ್ತದೆ. ಕೂಡಿಸಿದರೆ ಮೂವತ್ತಾರು ಮೂವತ್ತೊಂಬತ್ತು. ಡಾಕ್ಟರು ಅದನ್ನು ತಮ್ಮ ಹಾಳೆಯಲ್ಲಿ ಹಾಕಿ ಭಾಗಿಸಿ ನೋಡಲಿ, ಇನ್ನೊಂದು ಹಾಳೆಗೆ ತಾಳೆಯಾಗುತ್ತದೆ ಎಂದು ನನ್ನ ಲೆಕ್ಕ. ನೀನು ಏನನ್ನೂ ತೆಗೆದುಕೊಳ್ಳುತ್ತಿರಲಿಲ್ಲ. ಏನನ್ನೂ ಕಳೆದುಕೊಂಡೂ ಇಲ್ಲ. ಆಗ ಎಷ್ಟಿತ್ತೋ ಈಗಲೂ ಅಷ್ಟಿದೆ, ಅಲ್ಲಿಗೆ ಹೋದ ಮೇಲೆ ನ್ಯಾಯವಾಗಿ ಉಣ್ಣುತ್ತಿದ್ದಷ್ಟು ದಿನ ಬಹುಶಃ ಸ್ವಲ್ಪ ಹೆಚ್ಚೇ ಇತ್ತು. ನೀನು ಎರಡು ವರ್ಷದಿಂದ ಹುಡುಕುತ್ತಿರುವ ಹುಡುಗಿ ಇರಲೇ ಇಲ್ಲ ಇಸಾರೊ. ಹತ್ತೊಂಬತ್ತು ವರ್ಷಕ್ಕೆ ಮೂವತ್ತಾರು ಮೂವತ್ತೊಂಬತ್ತರಲ್ಲಿ ಹತ್ತಿದ ಇನ್ನೊಬ್ಬಳಿದ್ದಳು. ಅವಳೂ ಒಳ್ಳೆಯ ಸವಾರಳೇ. ಅವಳನ್ನು ಯಾರೂ ನೋಡಲಿಲ್ಲ.

ಇದನ್ನು ಓದಿ ನಿನಗೆ ಸಮಾಧಾನವಾಗುತ್ತದೋ, ಇದ್ದ ಒಂದನ್ನೂ ಅಮ್ಮ ಕಿತ್ತುಕೊಂಡಳು ಎನಿಸುತ್ತದೋ, ನನಗೆ ತಿಳಿಯುತ್ತಿಲ್ಲ. ಕಳ್ಳಿ ಎಂಬ ಮಾತು ತಪ್ಪುತ್ತದೆ. ಆದರೆ ಆ ಒಂದು ಸಂಖ್ಯೆ ನೋಡಿ ನಿನ್ನನ್ನು ಕರೆದವರು, ಅದಿಲ್ಲದೆ ನಿನ್ನನ್ನು ಇಟ್ಟುಕೊಳ್ಳುತ್ತಾರೆ ಎಂದು ಹೇಗೆ ಹೇಳಲಿ? ಊರಿನಲ್ಲೂ ಮಾತಾಡುತ್ತಾರೆ. ಮಗಳು ದೂರದಲ್ಲಿ ಕಷ್ಟದಲ್ಲಿರುವಾಗ ತಾಯಿ ತನ್ನ ಸಮಯ ವಾಪಸ್ ತೆಗೆದುಕೊಂಡಳು ಎನ್ನುತ್ತಾರೆ. ಸಂಘದವರು ನನ್ನ ಹೆಸರನ್ನು ಮತ್ತೆ ಬರೆಯುತ್ತೇವೆ ಎಂದರು. ಬೇಡ, ಆ ಸಾಲು ಖಾಲಿ ಬಿಡಿ ಎಂದಿದ್ದೇನೆ. ಇದನ್ನು ನಿನಗೆ ಹೇಳುವಾಗ ಕೂಡ, ಒಳ್ಳೆಯವಳೆನಿಸಿಕೊಳ್ಳಲು ಹೇಳುತ್ತಿದ್ದೇನೆಯೇ ಎಂದು ಒಂದು ಕ್ಷಣ ಅನುಮಾನವಾಯಿತು. ನಾಲ್ಕೈದು ಸಲ ಹೊಡೆದುಹಾಕಿ, ಮತ್ತೆ ಬರೆದೆ.

ನಲವತ್ತೈದಕ್ಕೆ ಇಳಿಯಬೇಡ. ಇಷ್ಟೇ ನನ್ನ ಬೇಡಿಕೆ. ಆ ಪರೀಕ್ಷೆ ಕೊಡಬೇಡ. ಸಭೆ ಮುಗಿಸಿ ಬಾ, ತಂಡ ಇಟ್ಟುಕೊಂಡರೂ ಸರಿ, ಬಿಟ್ಟರೂ ಸರಿ. ನವೆಂಬರಿನಲ್ಲಿ ಹೇಗೂ ಯಾರೂ ಬೆಟ್ಟ ಹತ್ತುವುದಿಲ್ಲ. ಒಲೆಯ ಮೇಲೆ ಕಾಳಿನ ಸಾರು ಇರುತ್ತದೆ, ತಕ್ಕಡಿಯನ್ನು ಪಕ್ಕದ ಮನೆಯವರಿಗೆ ಕೊಟ್ಟಿದ್ದೇನೆ. ನಿನ್ನ ಕೋಣೆಯ ಕಿಟಕಿ ಸರಿಯಾಗಿ ಮುಚ್ಚುತ್ತಿರಲಿಲ್ಲ, ಅದನ್ನೂ ಸರಿಮಾಡಿಸಿದೆ.

ನಿನ್ನ ಕಾಲುಗಳಿಗೆ ಸುಖವಾಗಲಿ. ನಿನ್ನ ಮೇಲೆ ಬಂದ ಮಾತು ಬಂದ ದಾರಿಯಲ್ಲೇ ಹೋಗಲಿ. ನನ್ನ ಮೇಲೆ ಕೋಪ ಬಂದರೆ ಬರಲಿ, ಉಂಡ ಮೇಲೆ ಕೋಪಿಸಿಕೋ.

ನಿನ್ನ ಅಮ್ಮ
ಬೆಗೋನ್ಯಾ

ತಾ.ಕ.: ಲಕೋಟೆ ಅಂಟಿಸಿದ್ದೆ, ಮತ್ತೆ ಬಿಡಿಸಿದೆ. ಮೇಲಿನದನ್ನೆಲ್ಲ ಓದಿದರೆ ತೊಟ್ಟಿಯ ವಿಷಯ ನನಗೆ ಹೋದ ಭಾನುವಾರವೇ ತಿಳಿದದ್ದು ಎನಿಸುತ್ತದೆ. ಹಾಗೆ ಎನಿಸಲಿ ಎಂದೇ ಬರೆದಿದ್ದೇನೆ, ಓದಿ ನೋಡಿದಾಗ ಗೊತ್ತಾಯಿತು.

ಎವರಿಸ್ತೊ ಎಣಿಸುವ ಮೊದಲೇ ನೂರ ಮೂವತ್ತೆಂಟು ಎಂದು ನನಗೆ ಗೊತ್ತಿತ್ತು. ಆ ಕೆಂಪು ದಾರ ಕಟ್ಟಿದ್ದು ನಾನೇ. ನೀನು ಬೆಟ್ಟ ಹತ್ತಿದ ಮಾರನೆಯ ಬೆಳಿಗ್ಗೆ, ನೀನಿನ್ನೂ ಮಲಗಿದ್ದೆ. ಎಲ್ಲರ ಸಮಯವೂ ಒಂದೇ ಅಳತೆಯಲ್ಲಿ ಕಡಿಮೆಯಾದದ್ದು ಮೇಲೆ ಚೀಟಿ ಬಿಡಿಸುವಾಗಲೇ ನನ್ನ ಕಣ್ಣಿಗೆ ಬಿದ್ದಿತ್ತು. ಅಂಗಡಿ ತೆರೆಯುವ ಮೊದಲು ಹೋಗಿ ಅಳೆದೆ. ನೂರ ಮೂವತ್ತೆಂಟಕ್ಕೆ ಚಕ್ರ ನಿಂತಾಗ, ನನ್ನ ಸಮಯ ಹೋಗಿಲ್ಲ ಎಂದು ಆ ಖಾಲಿ ರಸ್ತೆಯಲ್ಲಿ ನಾನೊಬ್ಬಳೇ ನಕ್ಕೆ. ಜೋರಾಗಿ ನಕ್ಕೆ ಇಸಾರೊ. ತೊಟ್ಟಿಯ ನೀರಿನಲ್ಲಿ ಮುಖ ತೊಳೆದುಕೊಂಡು ಮನೆಗೆ ಬಂದೆ. ದುಃಖವಾಗಿದ್ದರೆ ಅಂದೇ ನಿನಗೆ ಹೇಳಿಬಿಡುತ್ತಿದ್ದೆನೇನೋ. ಹಾಗೆ ನಕ್ಕವಳು ಯಾವ ಬಾಯಿಂದ ಹೇಳಲಿ ಎಂದು ಆ ದಿನ ಸುಮ್ಮನಾದೆ. ಆಮೇಲೆ ಇಟಲಿಯವರು ಬಂದರು. ಆಮೇಲೆ ಪ್ರತಿ ವರ್ಷ ಮೇಲೆ ಕೂತು, ಸುಳ್ಳೆಂದು ಗೊತ್ತಿದ್ದ ಸಮಯಗಳನ್ನು ಸೆಕೆಂಡು ತಪ್ಪದೆ ಬರೆದುಕೊಟ್ಟೆ.

ಆ ಬೆಳಿಗ್ಗೆ ನಾನು ಒಳಗೆ ಬಂದಾಗ ನೀನು ಎದ್ದು ಅಡುಗೆಮನೆಯಲ್ಲಿ ಕೂತಿದ್ದೆ. ಎಣ್ಣೆಯಲ್ಲಿ ಅದ್ದಿ ಬ್ರೆಡ್ಡು ತಿನ್ನುತ್ತಿದ್ದೆ, ನಾಲ್ಕನೆಯದೋ ಐದನೆಯದೋ. ಚೀಟಿ ಫ್ರಿಜ್ಜಿನ ಬಾಗಿಲ ಮೇಲೆ ಒಣಗುತ್ತಿತ್ತು. “ಅಮ್ಮಾ, ನಿಜ ಹೇಳು, ನಿನ್ನ ಟೈಮ್ ಹೋಯ್ತು ಅಂತ ಬೇಜಾರಾಯ್ತಾ?” ಎಂದು ಕೇಳಿದೆ. ಇಲ್ಲ ಪುಟ್ಟಿ, ತುಂಬಾ ಖುಷಿಯಾಗಿದೆ ಎಂದೆ. ನೀನು ಎದ್ದು ಬಂದು ಎಣ್ಣೆ ಕೈಯಲ್ಲೇ ನನ್ನನ್ನು ಅಪ್ಪಿಕೊಂಡೆ.

ಆ ದಿನ ನಾನು ನಿನಗೆ ಹೇಳಿದ್ದು ನಿಜ.